ಪದ ಸಾಲ ತನ್ನಿ, ಮನೆ ಮಾರಬೇಡಿ

ಉಡುಪಿಯಿಂದ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಯಾವತ್ತಾದರೂ ಕೂತಿದ್ದೀರಾ? ಕೂತಿದ್ದರೆ ಕಾಪು ಸ್ಟಾಪಿನಲ್ಲಿ ಕಂಡಕ್ಟರ್ ಮಾತನ್ನು ಒಂದೇ ನಿಮಿಷ ಕಿವಿಗೊಟ್ಟು ಕೇಳಿ. ಮೀನಿನ ಬುಟ್ಟಿ ಹಿಡಿದು ಹತ್ತಿದ ಹೆಂಗಸಿಗೆ ತುಳುವಿನಲ್ಲಿ 'ಓಡೆಗ್?' ಅಂತಾನೆ. ಎಲ್ಲಿಗೆ ಅಂತ ಅರ್ಥ. ಘಟ್ಟದ ಮೇಲಿನವರ ಹಾಗೆ ಕಾಣುವ ಪ್ರಯಾಣಿಕನಿಗೆ 'ನಿಮಗೆ ಎಲ್ಲಿಗೆ ಸಾರ್?' ಅಂತ ಕನ್ನಡ. ಪರಿಚಯದ ಅಂಗಡಿಯವರು ಸಿಕ್ಕಿದರೆ ಕೊಂಕಣಿಯಲ್ಲಿ ಎರಡು ಮಾತು. ಆಮೇಲೆ ಬಸ್ಸಿನ ಮೈಗೆ ಎರಡು ಪೆಟ್ಟು ಬಡಿದು, 'ರೈಟ್, ಪೋಯಿ!' ಬಸ್ಸು ಹೊರಟಿತು.

ಒಂದು ನಿಮಿಷದಲ್ಲಿ ನಾಲ್ಕು ಭಾಷೆ. ಆ ಮನುಷ್ಯ ಭಾಷಾ ವಿಜ್ಞಾನ ಓದಿಲ್ಲ. 'ರೈಟ್' ಅಂದರೆ ಇಂಗ್ಲೆಂಡಿನಲ್ಲಿ ಸರಿ, ಬಲಗಡೆ, ಹಕ್ಕು, ಏನೇನೋ ಅರ್ಥ ಇರಬಹುದು. ನಮ್ಮ ಬಸ್ಸಿನಲ್ಲಿ ಅದಕ್ಕೆ ಒಂದೇ ಅರ್ಥ, ಹೊರಡು. 'ಹೋಲ್ಡಾನ್' ಅಂದರೆ ನಿಲ್ಲಿಸು. ಈಗ ಹೇಳಿ, ಆ ಪದ ಇಂಗ್ಲಿಷಿನದ್ದೋ ನಮ್ಮದೋ?

ಇದನ್ನು ಕೇಳೋಕೆ ಕಾರಣ ಇದೆ. ಟಿವಿಯಲ್ಲಿ ಕೂತು ಮಾತಾಡುವ ನಮಗೆ ಎರಡು ರೀತಿಯ ಮಾತು ಪದೇ ಪದೇ ಕೇಳಿಬರುತ್ತದೆ. ಒಂದು, 'ಬ್ರೇಕಿಂಗ್ ನ್ಯೂಸ್, ಲೈವ್, ಎಕ್ಸ್‌ಕ್ಲೂಸಿವ್ ಅಂತ ಕಿರುಚಿ ಕಿರುಚಿ ನೀವೇ ಕನ್ನಡ ಕೊಲ್ತಿದ್ದೀರಿ.' ಇನ್ನೊಂದು, 'ಕನ್ನಡ ಕನ್ನಡ ಅಂತ ಮಕ್ಕಳ ಭವಿಷ್ಯ ಹಾಳು ಮಾಡಬೇಡಿ, ಇಂಗ್ಲಿಷ್ ಇಲ್ಲದಿದ್ದರೆ ಅನ್ನ ಇಲ್ಲ.' ತಮಾಷೆ ಏನಂದರೆ ಎಷ್ಟೋ ಸಲ ಈ ಎರಡೂ ಮಾತು ಒಂದೇ ಮನೆಯಿಂದ ಬರುತ್ತವೆ. ಅಜ್ಜನಿಗೆ ಮೊದಲನೆಯ ಭಯ, ಮಗನಿಗೆ ಎರಡನೆಯದು. ಎರಡೂ ಸುಳ್ಳು ಭಯ ಅಂತ ನಾನು ಹೇಳೋದಿಲ್ಲ. ಆದರೆ ಇಬ್ಬರೂ ಹುಡುಕುತ್ತಿರುವ ಜಾಗ ತಪ್ಪು ಅಂತ ನನಗನಿಸುತ್ತೆ.

ಮೊದಲು ಪದಗಳ ವಿಷಯ ನೋಡೋಣ.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಬೇರೆ ಭಾಷೆಯಿಂದ ಬಂದ ಪದ ಸಿಕ್ಕರೆ ಅದು ಎಲ್ಲಿಂದ ಬಂತು ಅಂತ ಕಿಟೆಲ್ ಗುರುತು ಹಾಕಿದ್ದರು. ಹಿಂದೂಸ್ತಾನಿ, ಮರಾಠಿ, ಪೋರ್ಚುಗೀಸ್... ಅಂದರೆ 130 ವರ್ಷದ ಹಿಂದೆಯೇ ನಮ್ಮ ಮನೆಯಲ್ಲಿ ಊರೂರಿನ ನೆಂಟರು ತುಂಬಿದ್ದರು. ತಾಲ್ಲೂಕು, ಜಿಲ್ಲೆ, ಅರ್ಜಿ, ವಕೀಲ, ಜಮೀನು, ಕಾನೂನು, ಬಾಕಿ, ಖರ್ಚು... ಇವೆಲ್ಲ ಪಾರ್ಸಿ, ಅರಬಿ ಕಡೆಯಿಂದ ಬಂದವು. ಕಾರ್ಕಳದ ತಾಲ್ಲೂಕು ಕಚೇರಿಗೆ ಹೋಗಿ ಈ ಪದಗಳನ್ನು ಬಿಟ್ಟು ಒಂದು ಪಹಣಿ ಕೆಲಸ ಮಾಡಿಸಿಕೊಂಡು ಬನ್ನಿ ನೋಡೋಣ! ಬೆಂಗಳೂರಿನವರು ಆಲೂಗಡ್ಡೆ ಅಂದರೆ ಕರಾವಳಿಯವರು ಬಟಾಟೆ ಅಂತಾರೆ. ಬಟಾಟೆ, ಅನಾನಸು, ಪಾದ್ರಿ, ಚಾವಿ, ಇವು ಪೋರ್ಚುಗೀಸರ ಹಡಗಿನಲ್ಲಿ ಬಂದಿಳಿದ ಪದಗಳು. ಹಡಗು ಹೋಯಿತು, ಪೋರ್ಚುಗೀಸರೂ ಹೋದರು. ಬಟಾಟೆ ಪಲ್ಯ ಇಲ್ಲೇ ಉಳಿಯಿತು.

ಕೊಟ್ಟಿದ್ದೂ ಇದೆ. ಸಂಸ್ಕೃತದಲ್ಲಿ ದ್ರಾವಿಡ ಮೂಲದ ಪದಗಳಿವೆ ಅಂತ ಕಿಟೆಲ್ ಪಟ್ಟಿ ಮಾಡಿ ತೋರಿಸಿದ್ದರು. ಇಂಗ್ಲಿಷಿನ ಮ್ಯಾಂಗೋ, ಕಾಯರ್, ಟೀಕ್, ಈ ಪದಗಳೆಲ್ಲ ಪಶ್ಚಿಮ ಕರಾವಳಿಯಲ್ಲಿ ಹಡಗು ಹತ್ತಿದವು. ಮಾವಿನ ಹಣ್ಣಿಗೆ ಇಂಗ್ಲಿಷಿನಲ್ಲಿ ಹೆಸರಿರಲಿಲ್ಲ, ಇಲ್ಲಿಂದ ತಗೊಂಡರು. ಅದರಿಂದ ಇಂಗ್ಲಿಷ್ ಸತ್ತು ಹೋಯಿತೇ?

ಇನ್ನು, ಸಾಲ ತಂದ ಪದಕ್ಕೆ ನಮ್ಮ ಭಾಷೆ ಏನು ಮಾಡುತ್ತದೆ ಅಂತ ಗಮನಿಸಿ. 'ಬಸ್' ಬಂತು, ನಾವು 'ಬಸ್ಸು' ಮಾಡಿದೆವು. 'ಪೆನ್' ಬಂತು, 'ಪೆನ್ನು' ಆಯಿತು. ಆದರೆ 'ಕಾರ್' ಮಾತ್ರ 'ಕಾರು', 'ಫೋನ್' ಬರೀ 'ಫೋನು'. ಅಲ್ಲಿ ಒತ್ತಕ್ಷರ ಇಲ್ಲ. ಯಾಕೆ? ಕಲ್ಲು-ಕಾಲು, ಹಲ್ಲು-ಹಾಲು ನೆನಪು ಮಾಡಿಕೊಳ್ಳಿ. ಮೊದಲ ಸ್ವರ ಗಿಡ್ಡ ಇದ್ದರೆ ಒತ್ತು ಬೀಳುತ್ತದೆ, ಉದ್ದ ಇದ್ದರೆ ಬೀಳುವುದಿಲ್ಲ. ಈ ನಿಯಮವನ್ನು ಯಾವ ಮೇಷ್ಟ್ರೂ ನಮಗೆ ಹೇಳಿಕೊಟ್ಟಿಲ್ಲ. ಅಕ್ಷರ ಬಾರದ ಅಜ್ಜಿಯೂ ಅದನ್ನು ತಪ್ಪದೆ ಪಾಲಿಸುತ್ತಾಳೆ. ಆಮೇಲೆ ಬಸ್ಸಿಗೆ, ಬಸ್ಸಿನಲ್ಲಿ, ಬಸ್ಸುಗಳು ಅಂತ ಕನ್ನಡದ ವಿಭಕ್ತಿ ಹಚ್ಚಿ ಓಡಿಸುತ್ತೇವೆ. ತುಳುವಿನವರು 'ಯಾನ್ ಬಸ್ಸ್‌ಡ್ ಬತ್ತೆ' ಅಂತಾರೆ, ನಾನು ಬಸ್ಸಿನಲ್ಲಿ ಬಂದೆ ಅಂತ. ಇಂಗ್ಲಿಷಿನ ಕ್ರಿಯಾಪದವನ್ನಂತೂ ನಾವು ಹಾಗೇ ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಅದಕ್ಕೊಂದು 'ಮಾಡು' ಅಥವಾ 'ಆಗು' ಕಟ್ಟಿಯೇ ಒಳಗೆ ಬಿಡೋದು. ಫೋನ್ ಮಾಡು, ಲೇಟ್ ಆಯ್ತು, ಅಡ್ಜಸ್ಟ್ ಮಾಡಿ. ತುಳುವಿನಲ್ಲೂ ಅದೇ ಕಥೆ, 'ಫೋನ್ ಮಲ್ಪುಲೆ.' ಪದ ಅವರದ್ದು, ಯಜಮಾನಿಕೆ ನಮ್ಮದು.

ಉಡುಪಿಯದ್ದೇ ಒಂದು ಉದಾಹರಣೆ ಕೊಡ್ತೇನೆ. 'ಪಿಗ್ಮಿ'. ಇಂಗ್ಲಿಷಿನಲ್ಲಿ ಇದರ ಅರ್ಥ ತೀರಾ ಕುಳ್ಳಗಿನವರು, ಗಿಡ್ಡ ಜಾತಿಯದು. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವ ಸೇರಿ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಅವರು 1928ರಲ್ಲಿ ಮನೆ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಸಂಗ್ರಹಿಸುವ ಯೋಜನೆ ಶುರು ಮಾಡಿದರು. ಹೆಸರು ಪಿಗ್ಮಿ ಠೇವಣಿ. ಇವತ್ತು ಊರಿನ ಸಹಕಾರಿ ಸಂಘದಲ್ಲಿ, ಪೇಟೆಯ ಗೂಡಂಗಡಿಯಲ್ಲಿ ಎಲ್ಲಿ ಹೋದರೂ 'ಪಿಗ್ಮಿ ಕಟ್ಟಿದೆಯಾ?' ಅನ್ನೋದು ಮನೆಮಾತು. ಲಂಡನ್ನಿನವನಿಗೆ ಪಿಗ್ಮಿ ಕಟ್ಟೋದು ಅಂದರೆ ತಲೆಬುಡ ಅರ್ಥ ಆಗಲಿಕ್ಕಿಲ್ಲ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬ್ಯಾಂಕಿನ ಹೆಸರು ಹೋಯಿತು, ಪದ ಉಳಿಯಿತು. ಸಾಲ ತಂದ ಪದದಿಂದ ಒಂದು ಊರು ದುಡಿಮೆ ಮಾಡಿಕೊಂಡಿತು ಅಂದರೆ ಇದೇ.

ಈ ಜಗಳವೂ ಹೊಸದಲ್ಲ. ಕಾರ್ಕಳ ತಾಲ್ಲೂಕಿನ ನಂದಳಿಕೆಯಲ್ಲಿ ಹುಟ್ಟಿದ ಮುದ್ದಣ ಕವಿ 31ನೇ ವಯಸ್ಸಿಗೆ, 1901ರಲ್ಲಿ ತೀರಿಕೊಂಡವರು. ಅವರ 'ಶ್ರೀರಾಮಾಶ್ವಮೇಧ'ದಲ್ಲಿ ಹೆಂಡತಿ ಮನೋರಮೆ ಗಂಡನ ಸಂಸ್ಕೃತದ ಆರ್ಭಟಕ್ಕೆ ತಡೆ ಹಾಕಿ, ಅರ್ಥ ಆಗುವ ಕನ್ನಡದಲ್ಲಿ ಕಥೆ ಹೇಳು ಅಂತ ಪಟ್ಟು ಹಿಡಿಯುತ್ತಾಳೆ. ಅವತ್ತು ದೊಡ್ಡಸ್ತಿಕೆ ತೋರಿಸೋಕೆ ಸಂಸ್ಕೃತ, ಇವತ್ತು ಇಂಗ್ಲಿಷ್. ಮನೋರಮೆಯ ತಕರಾರು ಪದ ಎಲ್ಲಿಂದ ಬಂತು ಅನ್ನೋದರ ಬಗ್ಗೆ ಅಲ್ಲ. ಕೇಳುವವಳಿಗೆ ಮುಟ್ಟುತ್ತದಾ ಇಲ್ಲವಾ ಅನ್ನೋದರ ಬಗ್ಗೆ. ಟಿವಿಯವರಾದ ನಾವು ದಿನಾ ಬೆಳಿಗ್ಗೆ ಆ ಮನೋರಮೆಯನ್ನು ನೆನೆಸಿಕೊಂಡು ಸ್ಟುಡಿಯೋಕ್ಕೆ ಬರಬೇಕು. 'ಬಸ್ಸು' ಅಂದರೆ ಯಾರಿಗೂ ತೊಂದರೆ ಇಲ್ಲ. 'ಪ್ರವಾಹ' ಅನ್ನೋ ಪದ ಕೈಯಲ್ಲೇ ಇರುವಾಗ 'ಫ್ಲಡ್ ಸಿಚುಯೇಷನ್' ಅಂತೀವಲ್ಲ, ಅದು ನಮ್ಮ ಸೋಮಾರಿತನ. ಒಪ್ಪಿಕೊಳ್ತೇನೆ.

ಹಾಗಾದರೆ ಭಾಷೆ ಸಾಯುವುದೇ ಇಲ್ಲವಾ? ಸಾಯುತ್ತದೆ. ಆದರೆ ಪದ ಬಂದು ಸಾಯೋದಲ್ಲ. ಇದರ ಬಗ್ಗೆ ಸಂಶೋಧನೆ ಏನು ಹೇಳುತ್ತದೆ ನೋಡಿ.

ಕರ್ನಾಟಕದ ಗಡಿಗೆ ಹತ್ತಿರ, ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ ಕುಪವಾಡ ಅಂತ ಒಂದು ಊರಿದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅನ್ನುವ ಇಬ್ಬರು ವಿದ್ವಾಂಸರು ಆ ಊರಿನ ಮಾತಿನ ಬಗ್ಗೆ 1971ರಲ್ಲಿ ಬರೆದರು. ಅಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನೂರಾರು ವರ್ಷದಿಂದ ಅಕ್ಕಪಕ್ಕದ ಮನೆ. ಅವರು ಕಂಡಿದ್ದು ವಿಚಿತ್ರ. ವಾಕ್ಯ ಕಟ್ಟುವ ರೀತಿ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿತ್ತು, ಬರೀ ಪದ ಬದಲಿಸಿದರೆ ಒಂದು ಭಾಷೆ ಇನ್ನೊಂದಾಗುವಷ್ಟು. ಆದರೂ ಯಾವ ಭಾಷೆಯೂ ಕರಗಿ ಹೋಗಿರಲಿಲ್ಲ. ಕಾರಣ? ಬೀದಿಯಲ್ಲಿ ಯಾವ ಭಾಷೆಯಾದರೂ ಆಗಲಿ, ಮನೆಯೊಳಗೆ ಅವರವರ ಮಾತೇ ನಡೆಯುತ್ತಿತ್ತು.

ನಮ್ಮ ಕರಾವಳಿಯಲ್ಲೂ ಅಂಥದ್ದೇ ಇದೆ. ಭಾಷಾ ವಿಜ್ಞಾನಿ ಎಂ.ವಿ. ನಾಡಕರ್ಣಿ 1975ರಲ್ಲಿ ಕರ್ನಾಟಕದ ಸಾರಸ್ವತರ ಕೊಂಕಣಿಯ ಬಗ್ಗೆ ಒಂದು ಲೇಖನ ಬರೆದರು. ಕೊಂಕಣಿ ಮರಾಠಿ, ಹಿಂದಿಯ ಬಳಗದ ಭಾಷೆ. ಆದರೆ ಇಲ್ಲಿಯ ಕೊಂಕಣಿ 'ಯಾವ ಹುಡುಗ ಬಂದನೋ ಅವನು' ಅನ್ನುವ ಕನ್ನಡದ ವಾಕ್ಯದ ಅಚ್ಚನ್ನೇ ಎತ್ತಿಕೊಂಡಿದೆ ಅಂತ ತೋರಿಸಿದರು. ಪದ ಅಷ್ಟೇ ಅಲ್ಲ, ಮನೆಯ ಜಂತಿ-ತೊಲೆಯೇ ಕನ್ನಡದ್ದಾಯಿತು ಅಂದ ಹಾಗೆ. ಕೊಂಕಣಿ ಸತ್ತಿತಾ? ಇಲ್ಲ. 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೇ ಸೇರಿತು. ಕಾರ್ಕಳದ ರಥಬೀದಿಯಲ್ಲಿ ಇವತ್ತಿಗೂ ಕೇಳಿಸುತ್ತದೆ.

ಇದಕ್ಕೆ ಎದುರಾಗಿ ಕೊರಗ ಭಾಷೆಯನ್ನು ನೋಡಿ. ಡಿ.ಎನ್. ಶಂಕರ ಭಟ್ಟರು 1971ರಲ್ಲೇ ಆ ಭಾಷೆಯ ಮೇಲೆ ಪುಸ್ತಕ ಬರೆದಿದ್ದರು. ಇವತ್ತು ಯುನೆಸ್ಕೋದ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಅದರ ಹೆಸರಿದೆ. ತುಳುವಿನ ಹೆಸರೂ ಇದೆ. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತಮ್ಮ ಮಾತೃಭಾಷೆ ತುಳು ಅಂತ ಬರೆಸಿದ್ದರು. ಇಷ್ಟು ಜನ ಇದ್ದರೂ ಯಾಕೆ ಆ ಪಟ್ಟಿಯಲ್ಲಿ? ಯಾಕೆಂದರೆ ಯುನೆಸ್ಕೋ ತಲೆ ಎಣಿಸುವುದಷ್ಟೇ ಅಲ್ಲ. ದೊಡ್ಡವರು ಮಕ್ಕಳ ಹತ್ತಿರ ಆ ಭಾಷೆಯಲ್ಲಿ ಮಾತಾಡ್ತಾರಾ, ಅದು ಎಲ್ಲೆಲ್ಲಿ ಬಳಕೆಯಲ್ಲಿದೆ, ಇದನ್ನು ಮುಖ್ಯವಾಗಿ ಕೇಳುತ್ತದೆ.

ಉಡುಪಿಯಲ್ಲಿ ಒಂದು ಪುಣ್ಯದ ಕೆಲಸ ನಡೆದಿದೆ. ಎಂಜಿಎಂ ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ 1979ರಲ್ಲಿ ತುಳು ನಿಘಂಟಿನ ಕೆಲಸ ಶುರುವಾಯಿತು. ಡಾ. ಯು.ಪಿ. ಉಪಾಧ್ಯಾಯ ಪ್ರಧಾನ ಸಂಪಾದಕರು. ಮೊದಲ ಸಂಪುಟ ಬಂದಿದ್ದು 1988ರಲ್ಲಿ, ಆರನೆಯದು ಬರುವ ಹೊತ್ತಿಗೆ 1997. ಪಾಡ್ದನ, ಕಸುಬಿನ ಮಾತು, ಊರೂರಿನ ಒಳನುಡಿ ಎಲ್ಲ ಸೇರಿಸಿ ಹದಿನೆಂಟು ವರ್ಷದ ದುಡಿಮೆ. ಇವತ್ತು ಆರು ಸಂಪುಟ ಕಪಾಟಿನಲ್ಲಿ ಭದ್ರವಾಗಿವೆ. ಆದರೆ ಕಪಾಟಿನಲ್ಲಿರುವ ಪದ ಮಾತಾಡುವುದಿಲ್ಲ. ಮಾತಾಡಬೇಕಾದ್ದು ಮಗು.

ಈಗ ನಾನು ಕಣ್ಣಾರೆ ಕಂಡ ಒಂದು ವಿಷಯ. ಕಾರ್ಕಳದ ಹತ್ತಿರ ಒಂದು ಮನೆ, ಮದುವೆ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದೆವು. ಬೆಂಗಳೂರಿನಿಂದ ಬಂದ ಏಳೆಂಟು ವರ್ಷದ ಮೊಮ್ಮಗನನ್ನು ಅಜ್ಜಿ ಕೇಳಿದರು, 'ವನಸ್ ಆಂಡಾ ಮಗಾ?' ಊಟ ಆಯ್ತಾ ಅಂತ. ಹುಡುಗ ಅಮ್ಮನ ಮುಖ ನೋಡಿದ. ಅಮ್ಮ ಇಂಗ್ಲಿಷಿಗೆ ತರ್ಜುಮೆ ಮಾಡಿದಳು. ಹುಡುಗ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ. ಅಮ್ಮ ಅದನ್ನು ತುಳುವಿಗೆ ತಂದಳು. ಎರಡನೇ ಪ್ರಶ್ನೆಗೆ ಅಜ್ಜಿ ಬಾಯಿ ತೆರೆಯಲಿಲ್ಲ. ಸುಮ್ಮನೆ ತಲೆ ಸವರಿ ಒಳಗೆ ಹೋದರು.

ವೀಕ್ಷಕರೇ, ಭಾಷೆ ಹೋಗೋದು ಅಂದರೆ ಇದು. ಆ ಹುಡುಗ 'ಬಸ್ಸು', 'ಫೋನು' ಅಂದಿದ್ದರಿಂದ ಆದದ್ದಲ್ಲ. ಸಾಲ ತಂದವನು ಬದುಕ್ತಾನೆ. ಮನೆ ಮಾರಿದವನು ಬೀದಿಗೆ ಬರ್ತಾನೆ.

ಇಲ್ಲಿ ಅಪ್ಪ-ಅಮ್ಮಂದಿರ ಪ್ರಶ್ನೆ ಏಳುತ್ತದೆ. 'ಎಲ್ಲ ಸರಿ ಸ್ವಾಮಿ, ಇಂಗ್ಲಿಷ್ ಬೇಡವಾ?' ಬೇಕು, ಖಂಡಿತ ಬೇಕು. ಯಾರಾದರೂ ಬೇಡ ಅಂದರೆ, ಅವರ ಮಕ್ಕಳು ಎಲ್ಲಿ ಓದ್ತಿದ್ದಾರೆ ಅಂತ ಮೊದಲು ಕೇಳಿ. ಆದರೆ ಇಂಗ್ಲಿಷ್ ಕಲಿಯೋದು ಬೇರೆ, ಎಲ್ಲವನ್ನೂ ಇಂಗ್ಲಿಷಿನಲ್ಲೇ ಕಲಿಯೋದು ಬೇರೆ. ಈ ಎರಡನ್ನು ನಾವು ಕಲಸುಮೇಲೋಗರ ಮಾಡಿಕೊಂಡಿದ್ದೇವೆ.

ಕಾನೂನಿನ ಕಥೆ ಚಿಕ್ಕದಾಗಿ ಹೇಳ್ತೇನೆ. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಅಂತ ರಾಜ್ಯ ಸರ್ಕಾರ 1994ರಲ್ಲಿ ಆದೇಶ ಮಾಡಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಈ ನಡುವೆ 2007-08ರಿಂದಲೇ ಸರ್ಕಾರಿ ಶಾಲೆಯ ಒಂದನೇ ತರಗತಿಯಲ್ಲಿ ಇಂಗ್ಲಿಷ್ ಒಂದು ವಿಷಯವಾಗಿ ಬಂದಿತ್ತು. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನೇ ಶುರು ಮಾಡಲಾಯಿತು. ಅಂದರೆ ಆಯ್ಕೆ ಈಗ ನಿಮ್ಮ ಕೈಯಲ್ಲಿದೆ. ಹಾಗಾಗಿ ತಿಳಿದು ಆರಿಸಬೇಕಾದ ಜವಾಬ್ದಾರಿಯೂ ನಿಮ್ಮದೇ.

ತಿಳಿಯೋಕೆ ದೂರ ಹೋಗಬೇಕಾಗಿಲ್ಲ. ಉಡುಪಿಯ ಹಳೆಯ ತಲೆಮಾರನ್ನೇ ನೋಡಿ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ. ಶಾಲೆಗೆ ಹೋದ ಮೇಲೆ ಕನ್ನಡ. ಇಲ್ಲಿ ಎಷ್ಟೋ ಮಕ್ಕಳಿಗೆ ಕನ್ನಡವೇ ಕಲಿತ ಭಾಷೆ. ಆದರೂ ಕನ್ನಡ ಎಷ್ಟು ಚೆನ್ನಾಗಿ ಬಂತು! ಯಾಕೆ ಬಂತು? ಶಾಲೆಯ ಹೊರಗೂ ಕನ್ನಡ ಇತ್ತು. ಪೇಪರ್, ರೇಡಿಯೋ, ಎಲ್ಲಕ್ಕಿಂತ ಹೆಚ್ಚಾಗಿ ರಾತ್ರಿಯಿಡೀ ಯಕ್ಷಗಾನ. ರಂಗಸ್ಥಳದಲ್ಲಿ ವೇಷಧಾರಿ ಬರೆದಿಟ್ಟುಕೊಳ್ಳದೆ ಗಂಟೆಗಟ್ಟಲೆ ಅರ್ಥ ಹೇಳ್ತಾರೆ. ಅಪ್ಪಿತಪ್ಪಿ ಇಂಗ್ಲಿಷ್ ಪದ ನುಸುಳಿದರೆ ಪ್ರೇಕ್ಷಕರು ನಕ್ಕುಬಿಡ್ತಾರೆ. ಅದೇ ಕಲಾವಿದರು ಚೌಕಿಗೆ ಬಂದು ಕಿರೀಟ ಇಳಿಸಿ 'ಆ ಫೋನ್ ಚಾರ್ಜಿಗೆ ಹಾಕು ಮಾರಾಯ' ಅಂತಾರೆ. ಎರಡೂ ಅವರ ಕೈಯಲ್ಲಿದೆ. ಎಲ್ಲಿ ಯಾವುದು ಅನ್ನೋ ವಿವೇಕ ಇದೆ. ಭಾಷೆ ಬರೋದು ಅಂದರೆ ಅದು.

ಇಂಗ್ಲಿಷಿಗೆ ಆ ಹೊರಗಿನ ರಂಗಸ್ಥಳ ಎಷ್ಟು ಮಕ್ಕಳಿಗೆ ಇದೆ? ಮಣಿಪಾಲದ ಕ್ಯಾಂಪಸ್ಸಿನ ಮಗುವಿಗೆ ಇರಬಹುದು. ಗದ್ದೆ ಬದಿಯ ಮನೆಯ ಮಗುವಿಗೆ ಇಂಗ್ಲಿಷ್ ಸಿಗೋದು ಕ್ಲಾಸಿನಲ್ಲಿ ಮಾತ್ರ. ಅಂಥ ಮಗುವಿಗೆ ಗಣಿತ, ವಿಜ್ಞಾನ ಎಲ್ಲ ಅರ್ಥವಾಗದ ಭಾಷೆಯಲ್ಲಿ ಕೊಟ್ಟರೆ ಅದು ಬಾಯಿಪಾಠಕ್ಕೆ ಇಳಿಯುತ್ತದೆ. ಕೊನೆಗೆ ವಿಜ್ಞಾನವೂ ಬರಲ್ಲ, ಇಂಗ್ಲಿಷೂ ಬರಲ್ಲ. ಮೊದಲ ಭಾಷೆಯಲ್ಲಿ ಓದು, ಯೋಚನೆ ಗಟ್ಟಿಯಾದರೆ ಅದು ಎರಡನೇ ಭಾಷೆಗೆ ದಾಟುತ್ತದೆ ಅಂತ ಕೆನಡಾದ ಜಿಮ್ ಕಮಿನ್ಸ್ 1979ರಿಂದ ವಾದಿಸುತ್ತಾ ಬಂದಿದ್ದಾರೆ. ಯುನೆಸ್ಕೋ 1953ರಲ್ಲೇ, ಮಗು ಓದು ಶುರು ಮಾಡೋಕೆ ಮಾತೃಭಾಷೆಯೇ ಒಳ್ಳೆಯದು ಅಂದಿತ್ತು. ಭಾರತದ 2020ರ ಶಿಕ್ಷಣ ನೀತಿಯೂ ಸಾಧ್ಯವಾದ ಕಡೆ ಕನಿಷ್ಠ ಐದನೇ ತರಗತಿವರೆಗೆ ಮನೆಮಾತು ಅಥವಾ ಊರ ಮಾತಿನಲ್ಲಿ ಪಾಠ ಅಂತ ಹೇಳಿದೆ.

ಹಾಗಾದರೆ ಇಂಗ್ಲಿಷನ್ನು ಚೆನ್ನಾಗಿ ಕಲಿಸೋದು ಹೇಗೆ? ಇದಕ್ಕೂ ಉತ್ತರ ನಮ್ಮ ರಾಜ್ಯದಲ್ಲೇ ಹುಡುಕಿದ್ದರು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸು ಮುಂತಾದ ಕಡೆ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ಇಂಗ್ಲಿಷ್ ಕಲಿಸುವವರ ಲೋಕದಲ್ಲಿ ಅದು 'ಬ್ಯಾಂಗಲೋರ್ ಪ್ರಾಜೆಕ್ಟ್' ಅಂತಲೇ ಪ್ರಸಿದ್ಧಿ. ವ್ಯಾಕರಣದ ನಿಯಮ ಉರು ಹೊಡೆಸೋದು ಬಿಟ್ಟು, ಮಕ್ಕಳಿಗೆ ಒಂದು ಸಮಸ್ಯೆ ಕೊಡೋದು. ರೈಲಿನ ವೇಳಾಪಟ್ಟಿ ಕೊಟ್ಟು, ಯಾವ ರೈಲು ಹಿಡಿಯಬೇಕು ಅಂತ ಕೇಳೋದು. ನಕ್ಷೆ ಕೊಟ್ಟು ದಾರಿ ಕೇಳೋದು. ಮೊದಲು ಮೇಷ್ಟ್ರ ಜೊತೆ ಒಂದು ಬಿಡಿಸಿ, ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳೇ ಬಿಡಿಸೋದು. ಮನಸ್ಸು ಅರ್ಥದ ಹಿಂದೆ ಓಡುವಾಗ ಭಾಷೆ ತಾನಾಗಿ ಹತ್ತುತ್ತದೆ ಅನ್ನೋದು ಪ್ರಭು ಅವರ ನಂಬಿಕೆ. ಇದಕ್ಕೆ ದುಬಾರಿ ಕಟ್ಟಡ ಬೇಕಾಗಿಲ್ಲ. ಉಡುಪಿ-ಕಾರ್ಕಳ ಬಸ್ಸಿನ ಸಮಯದ ಪಟ್ಟಿ ಒಂದಿದ್ದರೆ ಪಾಠ ಶುರು ಮಾಡಬಹುದು.

ಇನ್ನೊಂದು ಮಾತು. ಮಣಿಪಾಲ ಅಂದ ಕೂಡಲೇ ಇಂಗ್ಲಿಷ್ ನೆನಪಾಗುತ್ತದೆ ಅಲ್ಲವೇ? ಆ ಊರಿನ ಹೆಸರೇ ಮಣ್ಣಪಳ್ಳದಿಂದ ಬಂದಿದ್ದು. ಪಳ್ಳ ಅಂದರೆ ತುಳುವಿನಲ್ಲಿ ಕೆರೆ. ಆ ಕೆರೆ ಇವತ್ತಿಗೂ ಅಲ್ಲೇ ಇದೆ. 1953ರಲ್ಲಿ ಅಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾಯಿತು, ದೇಶವಿದೇಶದ ಮಕ್ಕಳು ಬಂದರು. ಆದರೆ ಹಳ್ಳಿಯ ಮುದುಕಿ ಆಸ್ಪತ್ರೆಗೆ ಬಂದು 'ಬಂಜಿ ಬೇನೆ' ಅಂದರೆ, ಅದು ಹೊಟ್ಟೆನೋವು ಅಂತ ಡಾಕ್ಟರಿಗೆ ಗೊತ್ತಾಗಲೇಬೇಕು. 2019ರಿಂದ ದೇಶದ ಎಂಬಿಬಿಎಸ್ ಪಾಠಕ್ರಮದ ಆರಂಭದ ಕೋರ್ಸಿನಲ್ಲೇ ಸ್ಥಳೀಯ ಭಾಷೆ ಕಲಿಸೋದನ್ನು ಸೇರಿಸಿದ್ದಾರೆ. ಇಂಗ್ಲಿಷ್ ಡಾಕ್ಟರನ್ನು ಮಣಿಪಾಲದವರೆಗೆ ಕರೆತರುತ್ತದೆ. ರೋಗಿಯ ಹಾಸಿಗೆಯ ಹತ್ತಿರ ಕರೆದೊಯ್ಯೋದು ಊರ ಭಾಷೆ.

ಕೊನೆಯದಾಗಿ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಹೇಳ್ತೇನೆ. ಮೈಯ ಅಂಗಗಳು, ನೀರು, ಬೆಂಕಿ, ಅಪ್ಪ, ಅಮ್ಮ, ಎಣಿಕೆ, ಇಂಥವನ್ನು ಭಾಷಾ ವಿಜ್ಞಾನಿಗಳು ಮೂಲ ಪದಗಳು ಅಂತಾರೆ. ಇವು ಸುಲಭಕ್ಕೆ ಸಾಲಕ್ಕೆ ಸಿಗುವ ಪದಗಳಲ್ಲ. ನಿಮ್ಮ ಮಗು ಕಂಪ್ಯೂಟರಿಗೆ ಕಂಪ್ಯೂಟರ್ ಅಂದರೆ ಚಿಂತೆ ಬೇಡ. ಮೊಣಕಾಲು, ಸೋದರಮಾವ, ಎಪ್ಪತ್ತೊಂಬತ್ತು, ಇವು ಗೊತ್ತಾ ಅಂತ ಕೇಳಿ ನೋಡಿ. 'ಎಪ್ಪತ್ತೊಂಬತ್ತು ಅಂದ್ರೆ ಎಷ್ಟಪ್ಪಾ?' ಅಂತ ತಿರುಗಿ ಕೇಳಿದರೆ ಮಗುವಿಗೆ ಬೈಯಬೇಡಿ. ಅದಕ್ಕೆ ಯಾರೂ ಹೇಳಿಲ್ಲ, ಅಷ್ಟೇ. ಇವತ್ತು ರಾತ್ರಿ ಊಟದ ಹೊತ್ತಿಗೆ ಟಿವಿ ಆಫ್ ಮಾಡಿ, ಹೌದು, ನಮ್ಮ ಚಾನೆಲ್ಲನ್ನೂ ಆಫ್ ಮಾಡಿ, ಅರ್ಧ ಗಂಟೆ ನಿಮ್ಮ ಮನೆಮಾತಿನಲ್ಲಿ ಮಾತಾಡಿ. ತುಳುವೋ, ಕೊಂಕಣಿಯೋ, ಬ್ಯಾರಿಯೋ, ಕುಂದಾಪ್ರ ಕನ್ನಡವೋ, ಯಾವುದಾದರೂ ಸರಿ. ನಡುವೆ ನಾಲ್ಕು ಇಂಗ್ಲಿಷ್ ಪದ ಬಂದರೆ ಬರಲಿ.

ಅಜ್ಜಿ ಎರಡನೇ ಪ್ರಶ್ನೆ ಕೇಳುವ ಹಾಗಾಗಬೇಕು. ಅಷ್ಟು ಸಾಕು.